ಕಂಬಳಿಯ ಕಿಸೆ

ಮಂಗಳವಾರ ಕರೆಂಟು ಹೋಗುತ್ತೆ ಕೌಲ್ ಬಜಾರಿನಲ್ಲಿ,
ಹತ್ತಕ್ಕೆ ಹೋದರೆ ಬರೋದು ಐದಕ್ಕೆ.
ಶೆಡ್ಡಿನ ಮೂವತ್ತು ಮಶೀನು ಒಮ್ಮೆಲೇ ಬಾಯಿ ಮುಚ್ಚಿದಾಗ
ಕಿವಿಯೊಳಗೆ ಮಾತ್ರ ಒಂದು ಓಡುತ್ತಲೇ ಇರುತ್ತೆ.
ಅದು ನಿಲ್ಲುವವರೆಗೆ ನಡೆದರೆ
ಹಾಲವ್ವನ ಕಟ್ಟೆ.

ಬಳ್ಳಾರಿಯ ಮೇ ತಿಂಗಳು. ಗುಡ್ಡದ ಬಂಡೆ ಕಾದು
ಓಣಿಗೆಲ್ಲ ರೊಟ್ಟಿ ಹಂಚಿನ ಝಳ.
ಆಕೆ ತೊಡೆಯ ಮೇಲೆ ಕರಿ ಕಂಬಳಿ ಹರಡಿ ಕೂತಿದ್ದಾಳೆ.
"ಏನವ್ವ, ಚಳಿ ಹತ್ತೈತಾ?" ಅಂದೆ.
"ನುಸಿಗೆ ಬ್ಯಾಸಿಗಿ ಗೊತ್ತೇನ, ಮಾಬುನ್ನಿ?
ಏಳು ತೂತು ಮಾಡೈತಿ. ಕುಂದ್ರು, ಕೈ ಖಾಲಿ ಐತಲ್ಲ."

ಖಾಲಿ ಕೈ. ಹದಿನೆಂಟು ವರ್ಷದ ಕೈ.
ದಿನಕ್ಕೆ ನಾನೂರು ಕಿಸೆ, ಜೀನ್ಸಿನ ಹಿಂಬದಿಗೆ,
ನೋಡದೆ ಹೊಲಿಯುವ ಕೈ.
ಆಕೆ ಕೊಟ್ಟ ದಬ್ಬಣದಂಥ ಸೂಜಿಗೆ
ಉಣ್ಣೆಯ ದಾರ ಪೋಣಿಸಲು ಮೂರು ಸಲ ಎಂಜಲು ಹಚ್ಚಿದೆ.
"ಎಂಜಲ ಬ್ಯಾಡ, ಉಣ್ಣಿ ಉಬ್ಬತೈತಿ.
ದಾರ ಮಡಚು, ಮಡಿಕಿ ಚಿವುಟಿ ಹಿಡಿ,
ಸೂಜಿ ಕಣ್ಣಿಗೆ ಅದನ್ನ ತೋರ್ಸು."

ಬಿಳಿ ಕುರಿಯ ಉಣ್ಣೆಯ ಹಳೇ ತುಂಡು, ಒಂದು ಕತ್ತರಿ.
"ಎಲಿ, ಚಂದ್ರ, ಗಿಣಿ, ಏನರೆ ಕತ್ತರ್ಸು."
ಗಿಣಿ ಅಂತಲೇ ಶುರು ಮಾಡಿದೆ, ಅಲ್ಲಾನ ಆಣೆ.
ಕತ್ತರಿ ನಿಂತಾಗ ಕೈಯಲ್ಲಿದ್ದದ್ದು ಕಿಸೆ.
ಐದು ಮೂಲೆ, ಕೆಳಗೆ ಚೂಪು, ಅಳತೆ ತಪ್ಪಿಲ್ಲ.
"ಅಂಚಿಗೆ ಓವರ್‌ಲಾಕು?" ಅಂತ ಕೇಳಿದೆ, ಕಸುಬು ಬಿಡದೆ.
"ತುಳಿದ ಉಣ್ಣಿ ಬಿಚ್ಚಂಗಿಲ್ಲ. ಅಂಜಬ್ಯಾಡ."
ಹಾಲವ್ವ ನಗಲಿಲ್ಲ. ಕಿಸೆಯನ್ನು ತೂತಿನ ಮೇಲಿಟ್ಟು
ಎರಡು ಜಾಲಿಮುಳ್ಳು ಚುಚ್ಚಿ ನಿಲ್ಲಿಸಿದಳು.

"ಅಡಿಯಿಂದ ಬಾ, ಅಂಚಿನ ಹೊರಗ ಏಳು.
ಜೋಳದ ಕಾಳಿನಷ್ಟು ಒಳಗ ಹೋಗಿ ಚುಚ್ಚು,
ಮತ್ತ ಅಂಚಿಗೆ ಬಾ. ದಾರ ಸೂಜಿ ಕೆಳಗ ಇರ್ಲಿ. ಈಗ ಎಳಿ."
ಎಳೆದೆ, ಜೀನ್ಸು ಎಳೆದ ಹಾಗೆ.
ಹಲ್ಲಿಲ್ಲದ ಬಾಯಿಯಂತೆ ಮುದುಡಿತು ಬಿಳಿ ಉಣ್ಣೆ.
"ಬಿಚ್ಚು."
ಎರಡನೆಯದಕ್ಕೂ ಬಿಚ್ಚು.
ಐದನೆಯದಕ್ಕೆ ಏನೂ ಅನ್ನದೆ
ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟಳು.

ಮಶೀನಿನ ಅಡಿಗೆ ಬಾಬಿನ್ನು ಕಾದಿರುತ್ತೆ,
ಮೇಲಿನ ದಾರ ಇಳಿದರೆ ಸಾಕು,
ಕೆಳಗಿನದು ಬಂದು ಕೈ ಹಿಡಿಯುತ್ತೆ.
ಇಲ್ಲಿ ಅಡಿಗೆ ಯಾರೂ ಇಲ್ಲ.
ಇರೋದೊಂದೇ ದಾರ. ಅದೇ ಇಳಿದು, ಅದೇ ಮೇಲೆದ್ದು
ತನ್ನದೇ ಕುಣಿಕೆಯೊಳಗೆ ತಾನೇ ಹಾಯಬೇಕು.
ಜೋರಾಗಿ ಹೇಳಿಬಿಟ್ಟೆನೇನೋ.
"ಹೂಂ. ಗಂಡ ಇಲ್ದಾಕಿ ಹೊಲಿಗಿ" ಅಂದಳು ಹಾಲವ್ವ,
ಎದ್ದು ಹೋಗಿ ಉಗುಳಿ ಬಂದು ಕೂತಳು.
ಆ ಮಾತು ಅಲ್ಲಿಗೇ ಬಿಟ್ಟೆವು.

ಮೂಲೆಗೆ ಬಂದಾಗ ಸೂಜಿ ದಾರಿ ತಪ್ಪಿತು.
ಮೂಲೆಯಲ್ಲಿ ಒಂದೇ ತೂತಿಗೆ ಮೂರು ಸಲ ಹೋಗಬೇಕಂತೆ:
ಬರುವಾಗ, ತಿರುಗುವಾಗ, ಹೊರಡುವಾಗ.
ಇಲ್ಲದಿದ್ದರೆ ಕುಣಿಕೆ ಜಾರಿ ಒಳಗೆ ಬೀಳುತ್ತೆ.
ಗಂಜಿ ಕುಡಿದು ಬಿರುಸಾದ ಕಂಬಳಿ,
ಹುಣಸೆಬೀಜದ ವಾಸನೆ, ಬೆರಳಿಗೆ ಎರಡು ಬೊಕ್ಕೆ.
ಮೂರು ಮಂಗಳವಾರ ಹೋಯಿತು ಅದೊಂದು ಮೂಲೆಗೆ.

ಮೇಲಿನ ಬಾಯಿ ಹೊಲಿಯಲು ಹೋದರೆ ಕೈ ತಡೆದಳು:
"ಕಿಸೆ ಅಲ್ಲೇನ? ಬಿಡು."
ಸೊಂಟದ ಚೀಲದಿಂದ ಎರಡು ರೂಪಾಯಿ ತೆಗೆದು ಹಾಕಿದಳು.
ಟಣ್. ನಾಣ್ಯ ಕಟ್ಟೆಯ ಮೇಲೆ.
ಮುಂದೆ ಕಿಸೆ, ಹಿಂದೆ ನುಸಿಯ ತೂತು,
ಮರೆತಿದ್ದೆವು ಇಬ್ಬರೂ.
"ನನ್ನ ಪಗಾರವೂ ಹಿಂಗೇ" ಅಂದೆ.
ಆಗ ನಕ್ಕಳು. ಎದೆ ಹಿಡಿದು, ಕೆಮ್ಮಿ, ಕಣ್ಣೊರೆಸಿಕೊಂಡು,
"ಹಿಂದೊಂದು ತುಂಡು ಹಾಕು ಹಂಗಾರ" ಅಂದಳು.

ಹಾಕಿದೆ. ನಾಲ್ಕು ಮೂಲೆಯೂ ತಾನಾಗಿಯೇ ತಿರುಗಿದವು,
ನಾನದನ್ನು ಗಮನಿಸಿದ್ದು ಮುಗಿದ ಮೇಲೆ.

ಕರೆಂಟು ಬಂತು. ಓಣಿಯ ತುದಿಯಲ್ಲಿ ಮಶೀನುಗಳು
ಒಂದೊಂದಾಗಿ ಗೊರಕೆ ಶುರು ಮಾಡಿದವು.
"ಸೂಜಿ ಒಯ್ದೀ" ಅಂದಳು ಬೆನ್ನ ಹಿಂದಿನಿಂದ.
ಸೆರಗಿನಿಂದ ಕಿತ್ತು ಬಿಳಿ ಕಿಸೆಯೊಳಗೆ ಬಿಟ್ಟೆ.
ಬೀಳಲಿಲ್ಲ.
ಇನ್ನೂ ಆರು ಇವೆ.